ಹಲಸಿಯಿಂದ ತೊಟ್ಟಿಲಿಗೆ: ಬಸ್ಸು, ರೈಲು, ಮತ್ತೆ ಬಸ್ಸು

ಬೆಳಿಗ್ಗೆ ನಾವು ಹೊರಡುವ ಹೊತ್ತಿಗೆ ಹಲಸಿಯ ನಮ್ಮ ಮನೆಯ ಮುಂದೆ ನಮ್ಮೂರಲ್ಲೇ ಇರುವ ಷಡ್ಡಕ ಮಹಾಂತೇಶನ ಬಿಳಿ ಕಾರು ಬಂದು ನಿಂತಿತ್ತು. ಮುಂದೆ ಚೆಂಡುಹೂವಿನ ಹಾರ, ಒಳಗೆ ಅವನ ಹೆಂಡತಿ ಗಿರಿಜಾ. ನನ್ನ ಹೆಂಡತಿ ಸಾವಿತ್ರಿ ಅಕ್ಕ, ಗಿರಿಜಾ ತಂಗಿ. ಇಬ್ಬರಿಗೂ ಒಬ್ಬನೇ ತಮ್ಮ. ಬೆಳಗಾವಿಯ ವಡಗಾವಿಯಲ್ಲಿ ಅವನ ಎರಡನೆಯ ಕೂಸಿಗೆ ಅಂದು ಹೆಸರಿಡುವುದಿತ್ತು.

ಕೂಸಿನ ಕಿವಿಯಲ್ಲಿ ಮೊದಲು ಹೆಸರು ಹೇಳುವವಳು ಸೋದರತ್ತೆ. ಹೇಳಿದ ಕೂಡಲೇ ನೆರೆದ ಹೆಂಗಸರೆಲ್ಲ ಆಕೆಯ ಬೆನ್ನಿಗೆ ಗುದ್ದುತ್ತಾರೆ. ಗುದ್ದು ತಿನ್ನುವುದೇ ಮರ್ಯಾದೆ. ಸಾವಿತ್ರಿಗೆ ಬಸ್ಸು, ರೈಲು ಒಗ್ಗುತ್ತವೆ, ಕಾರು ಮಾತ್ರ ಆಗದು. ಮೊದಲ ಕೂಸಿನ ಸಲ ಬಾಡಿಗೆ ಕಾರಿನಲ್ಲಿ ಹೊರಟವಳು ವಾಂತಿ ಮಾಡಿಕೊಂಡು ಪೀರನವಾಡಿಯ ರಸ್ತೆ ಬದಿಗೆ ಕೂತುಬಿಟ್ಟಳು. ನಾವು ವಡಗಾವಿ ಮುಟ್ಟುವಷ್ಟರಲ್ಲಿ ಗಿರಿಜಾ ಹೆಸರು ಹೇಳಿಯಾಗಿತ್ತು. ಮೂರನೆಯದು ಬೇಡವೆಂದು ತಮ್ಮ ಹೇಳಿಬಿಟ್ಟಿದ್ದ. ಹಾಗಾಗಿ ಇದೇ ಕಡೆಯ ಅವಕಾಶ. ಹನ್ನೊಂದಕ್ಕೆ ಮುಹೂರ್ತ, ಆಗ ಯಾವ ಅತ್ತೆ ಇರುತ್ತಾಳೋ ಅವಳದೇ ಮಾತು.

“ಹತ್ತರಿ ಅಕ್ಕಾರ,” ಎಂದ ಮಹಾಂತೇಶ. “ಬಸ್ಸು, ರೈಲು, ಮತ್ತ ಬಸ್ಸು! ನೀವು ಮುಟ್ಟೂದ್ರಾಗ ಕೂಸು ಸಾಲಿಗಿ ಹೊಂಟಿರತೈತಿ.”

“ಹೋಗಲಿ ಬಿಡಪಾ, ಸಾಲಿ ಬಾಗಲದಾಗ ನಿಂತು ಹೆಸರು ಹೇಳತೇನಿ,” ಎಂದಳು ಸಾವಿತ್ರಿ, ಕೂಸಿನ ತಲೆಗೆಂದು ತಾನೇ ಹೊಲಿದ ಕುಲಾವಿಯನ್ನು ಚೀಲಕ್ಕೆ ತುರುಕುತ್ತ.

“ನಾವು ಚಾ ಕುಡದು ಆರಾಮ ಬರ್ತೇವಿ,” ಎಂದು ಅವನು ಕಾರಿನ ಇಂಜಿನ್ನು ಆರಿಸಿದ.

ಮೊದಲೆಲ್ಲ ಹಲಸಿಯ ಬಸ್ಸು ಖಾನಾಪುರ ಮುಟ್ಟುವಷ್ಟರಲ್ಲಿ ರೈಲು ಹೋಗಿರುತ್ತಿತ್ತು. ಈಗ ರೈಲಿನ ಹೊತ್ತು ನೋಡಿಯೇ ಬಸ್ಸು ಬಿಡುತ್ತಾರೆ, ಸ್ಟೇಶನ್ನಿನ ಬಾಗಿಲಿಗೇ ಒಯ್ದು ಇಳಿಸುತ್ತಾರೆ. ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆ, ನನ್ನೊಬ್ಬನದೇ ಟಿಕೀಟು. ಇಬ್ಬರ ರೈಲಿನ ಖರ್ಚು ಖಾನಾವಳಿಯ ಒಂದು ಊಟಕ್ಕಿಂತ ಕಡಿಮೆ. ಕಾರಿನಲ್ಲಿ ನೀರೂ ಮುಟ್ಟದವಳು ರೈಲು ಹತ್ತಿದ್ದೇ ಡಬ್ಬಿ ಬಿಚ್ಚಿ ಅವಲಕ್ಕಿ ತಿಂದಳು, ಎದುರಿಗಿದ್ದ ಮರಾಠಿ ಅಜ್ಜಿಗೂ ಕೊಟ್ಟಳು. ಕಿಟಕಿಯಲ್ಲಿ ತಣ್ಣನೆಯ ಗಾಳಿ, ಹಸಿರು ಗದ್ದೆ.

ದೇಸೂರಿನಲ್ಲಿ ರೈಲು ನಿಂತಿತು. ನಿಂತೇ ಇತ್ತು. ಎದುರಿನಿಂದ ಬೇರೆ ಗಾಡಿ ಬರುವುದಿತ್ತಂತೆ. ಸಾವಿತ್ರಿ ಡಬ್ಬಿ ಮುಚ್ಚಿದಳು.

“ರೀ, ಕಾರಿನಾಗ ಹೋಗಬೇಕಿತ್ತೇನು? ವಾಂತಿ ಆದ್ರ ಆಗಲಿ ಅಂತ?”

ಎದುರಿನ ಅಜ್ಜಿ ಅವಳ ಮೊಣಕಾಲು ತಟ್ಟಿ, “ಮುಟ್ಟತಿ ಮಗಳ, ಮುಟ್ಟತಿ,” ಎಂದಳು. ಕಡೆಗೂ ಗಾಡಿ ಅಲುಗಿತು.

ಟಿಳಕವಾಡಿಯ ರೈಲ್ವೆ ಗೇಟು ಬಂತು. ನಮ್ಮ ರೈಲಿಗೆಂದೇ ಅದು ಮುಚ್ಚಿತ್ತು. ಎರಡೂ ಬದಿಗೆ ಸ್ಕೂಟರು, ಟೆಂಪೊಗಳು ರಸ್ತೆಯಗಲಕ್ಕೂ ಎದುರುಬದುರಾಗಿ ನಿಂತಿದ್ದವು. ಗೇಟು ತೆರೆದರೂ ಯಾರೂ ಕದಲುವಂತಿರಲಿಲ್ಲ. ಆ ಜಾತ್ರೆಯ ನಡುವೆ ಚೆಂಡುಹೂವಿನ ಹಾರದ ಬಿಳಿ ಕಾರು!

ಆಗಲೇ ಸಾವಿತ್ರಿಯ ಫೋನು ರಿಂಗಾಯಿತು. ಗಿರಿಜಾ.

“ಅಕ್ಕಾ, ಎಲ್ಲಿದ್ದೀ? ನಮಗಿಲ್ಲಿ ಗೇಟ್ ಬಿದ್ದೈತಿ.”

“ಬಿದ್ದಿರತೈತಿ ತಂಗಿ. ನಿನ್ನ ಮುಂದ ಹಾದು ಹೊಂಟೈತಲ್ಲ, ಆ ರೈಲಿನಾಗ ನಾನ ಅದೇನಿ!”

ಬೋಗಿಗೆ ಬೋಗಿಯೇ ನಕ್ಕಿತು.

ರೈಲು ತಡವಾಗಿದ್ದರೂ ಬೆಳಗಾವಿ ಸ್ಟೇಶನ್ನಿನ ಹೊರಗೆ ವಡಗಾವಿಯ ಬಸ್ಸು ನಿಂತಿತ್ತು. ಓಡಿಬಂದ ಸಾವಿತ್ರಿಗೆ ಕಂಡಕ್ಟರು, “ಸಾವಕಾಶ ಬರ್ರಿ ಅಕ್ಕಾರ, ರೈಲಿನ ಮಂದಿ ಹತ್ತದ ನಾವು ಬಿಡೂದಿಲ್ಲ,” ಎಂದ. ಅವನ ಬಾಯಿಗೆ ಸಕ್ಕರೆ ಹಾಕಬೇಕೆನ್ನಿಸಿತು.

ನಾವು ಹೊಸ್ತಿಲು ದಾಟಿದಾಗ ಹನ್ನೊಂದು ಹೊಡೆಯುವುದರಲ್ಲಿತ್ತು, ಕೂಸು ತೊಟ್ಟಿಲಲ್ಲಿತ್ತು. ಸಾವಿತ್ರಿ ಕುಲಾವಿ ಕಟ್ಟಿ, ಬಾಗಿ, “ಮಲಪ್ರಭಾ” ಎಂದಳು. ಗುದ್ದುಗಳ ಸುರಿಮಳೆಯಾಯಿತು. ಬೆವರುತ್ತ ಒಳಗೆ ಬಂದ ಗಿರಿಜಾ ಚೀಲ ಕೆಳಗಿಟ್ಟು, ಎಲ್ಲರಿಗಿಂತ ಜೋರಾದ ಗುದ್ದೊಂದನ್ನು ಕೊಟ್ಟು ಅಕ್ಕನನ್ನು ತಬ್ಬಿಕೊಂಡಳು.

ಸಂಜೆ ಮರಳುವಾಗ ಗಿರಿಜಾ ಗಂಡನ ಕಾರು ಹತ್ತಲಿಲ್ಲ. “ನೀವ ಕಾರು ತಗೊಂಡು ಬರ್ರಿ,” ಎಂದು ಅವನಿಗೆ ಹೇಳಿ ನಮ್ಮ ಜೊತೆ ರೈಲಿಗೆ ಬಂದಳು. ಖಾನಾಪುರದಲ್ಲಿ ಹಲಸಿಯ ಬಸ್ಸು ನಮಗಾಗಿ ಕಾಯುತ್ತಿರುತ್ತದೆಂಬ ಧೈರ್ಯ. ಟಿಳಕವಾಡಿಯ ಗೇಟು ಮತ್ತೆ ಮುಚ್ಚಿತ್ತು. ಬಾಡಿದ ಹಾರದ ಆ ಬಿಳಿ ಕಾರು ಮತ್ತೆ ಅಲ್ಲೇ ನಿಂತಿತ್ತು. ಗಿರಿಜಾ ಕಿಟಕಿಗೆ ಬಾಯಿಟ್ಟು ಕೂಗಿದಳು:

“ಆರಾಮ ಬರ್ರಿ! ನಾ ಚಾ ಮಾಡಿಟ್ಟಿರ್ತೇನಿ!”