ದೊಡ್ಡಿಯ ಗೋಡೆಯ ಹಗ್ಗದವರು

ಏಯ್, ಆಚೆ ದಿಬ್ಬದ ಮೇಲೆ ಕುರಿ ಬಿಟ್ಟುಕೊಂಡು ನಿಂತವರೇ, ನಲ್ಲಿಯ ಹತ್ತಿರ ಬಕೆಟ್ ಇಟ್ಟು ಹರಟೆಗೆ ನಿಂತವರೇ, ಕಂಬಳಿ ಸರಿಮಾಡಿಕೊಂಡು ಸ್ವಲ್ಪ ಇತ್ತ ಬನ್ನಿ. ಹಾ ಮೊಫೋಕಾ ಊರಿನ ಲಿನೆಯೊಳ ವಿಷಯ ಹೇಳಬೇಕು. ಸತ್ತವನೊಬ್ಬನಿಗೆ ಹೆಸರು ಹುಡುಕುತ್ತ ಅವಳು ಆ ಶನಿವಾರ ಪಟ್ಟ ಪಾಡು ಇದೆಯಲ್ಲ, ಅದು ನಿಂತು ಕೇಳುವಂಥದ್ದಲ್ಲ. ಕೂತುಕೊಳ್ಳಿ.

ಕಣಿವೆಗೆ ಅಣೆಕಟ್ಟಿನ ನೀರು ಬರುವುದು ಎಲ್ಲರಿಗೂ ಗೊತ್ತಿದೆ. ಮನೆಗಳು ಮೇಲಕ್ಕೆ ಹೋದವು, ಉಳಿದದ್ದು ಗೋರಿಗಳು. ಯಾವ ಗೋರಿಯಲ್ಲಿ ಯಾರಿದ್ದಾರೆ, ತಮಗೆ ಏನಾಗಬೇಕು ಎಂದು ಮನೆಯವರೊಬ್ಬರು ಪಕ್ಕದಲ್ಲಿ ನಿಂತು ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಆ ಎಲುಬು ಮನೆಯವರ ಹೊಸ ಜಾಗಕ್ಕೆ ಬರುತ್ತದೆ. ಹೇಳುವವರಿಲ್ಲದಿದ್ದರೆ ನದಿಯಾಚೆಯ ಸಾರ್ವಜನಿಕ ಸ್ಮಶಾನ, ಕಲ್ಲಿನ ಮೇಲೊಂದು ನಂಬರು. ಬರೆದುಕೊಳ್ಳುವ ಗುಮಾಸ್ತನ ಗಾಡಿ ಆ ಸಂಜೆ ಹೊರಟರೆ ಮತ್ತೆ ಈ ಕಡೆ ಬರುವುದಿಲ್ಲ.

ಲಿನೆಯೊಳ ಮನೆಯ ಗೋರಿಗಳೆಲ್ಲ ಲೆಕ್ಕಕ್ಕೆ ಸೇರಿದ್ದವು, ಒಂದನ್ನು ಬಿಟ್ಟು. ಹಳೆಯ ದನದ ದೊಡ್ಡಿಯ ಒಳಗೆ, ಗೋಡೆಗೆ ಒರಗಿದಂತೆ ಒಂದು ಕಲ್ಲುಗುಪ್ಪೆ. ಅದು ‘ಹಗ್ಗದವರದು’. ಚರ್ಮದ ಹಗ್ಗ ಮಾರಲು ಬಂದ ಯಾರೋ ದಾರಿಹೋಕ, ಹಿಮಕ್ಕೆ ಸಿಕ್ಕಿ ಇಲ್ಲೇ ಸತ್ತ ಎಂದು ಮನೆಯವರ ನಂಬಿಕೆ. ಮುತ್ತಜ್ಜಿಯ ಬೈಬಲ್ಲಿನ ಮೊದಲ ಹಾಳೆಯಲ್ಲಿ, ಹುಟ್ಟು ಸಾವುಗಳ ನಡುವೆ, ಅಷ್ಟೇ ಇತ್ತು: ‘ಹಗ್ಗದವರು ತೀರಿಕೊಂಡರು. ದೊಡ್ಡಿಯ ಗೋಡೆಗೆ ಮಲಗಿಸಿದೆವು.’

ಲಿನೆಯೊಳ ಚಿಂತೆ ಈ ದಾರಿಹೋಕನದಾಗಿರಲಿಲ್ಲ. ಅವಳು ಹುಡುಕುತ್ತಿದ್ದದ್ದು ಥೂಲೊನನ್ನು. ಅವಳ ಅಜ್ಜನ ಅಜ್ಜ, ಈ ಮನೆಯಿಂದ ಮೊಟ್ಟಮೊದಲು ಗಣಿಗೆ ಹೋದವನು. ಆಗ ನಮ್ಮ ಹುಡುಗರೆಲ್ಲ ಒಂದು ಬಂದೂಕು ಕೊಳ್ಳುವಷ್ಟು ಕೂಲಿಗಾಗಿ ವಜ್ರದ ಗುಂಡಿಗೆ ನಡೆದು ಹೋಗುತ್ತಿದ್ದರಲ್ಲ, ಆ ಕಾಲ. ಅವನ ಗುರುತು ಅಂತ ಮನೆಯಲ್ಲಿ ಉಳಿದದ್ದು ತಗಡಿನ ಪೆಟ್ಟಿಗೆಯಲ್ಲಿ ಮಡಿಕೆ ಹರಿದ ಒಂದು ರಹದಾರಿ ಚೀಟಿ, ಮತ್ತೆ ಅವನೇ ತನ್ನ ಮೇಲೆ ಕಟ್ಟಿಕೊಂಡ ಪದ. ಚೀಟಿ ಹೋಗುವಾಗಿನದು, ಬರುವಾಗಿನದಲ್ಲ. ಪದವನ್ನು ದೊಡ್ಡಪ್ಪ ಮೊಹಾಪಿ ಕೋಲು ಎತ್ತಿ, ಎದೆ ಸೆಟೆಸಿ ಹೇಳುತ್ತಿದ್ದ:

‘ನಾನು ಥೂಲೊ, ಬರಿಗಾಲಲ್ಲಿ ಸೆಂಕು ಹೊಳೆ ದಾಟಿದವನು,
ಅವ್ವ ಕಟ್ಟಿಕೊಟ್ಟ ರೊಟ್ಟಿ ಮುಗಿದ ಮೇಲೆ ದಾರಿಯನ್ನೇ ತಿಂದವನು.
ಅಲ್ಲಿ ನೆಲಕ್ಕೆ ಬಾಯಿ ಬಂದಿದೆ, ಬಾಯೊಳಗೆ ನಾವು ನುಸಿ,
ಮೇಲೆ ಬಿಳಿಯರ ಬಕೆಟ್ಟು, ಕೆಳಗೆ ಮಣ್ಣಿನ ಹಸಿವು,
ನಡುವೆ ನನಗೆ ಒಡಹುಟ್ಟಿದವನೆಂದರೆ ಒಂದು ಹಗ್ಗ.’

ಪದ ಅಲ್ಲಿಗೇ ನಿಲ್ಲುತ್ತದೆ. ಲಿನೆಯೊಳ ಅಜ್ಜ ಅದನ್ನು ಕಲಿತದ್ದು ಪಕ್ಕದ ಮನೆಯ ಮುದುಕನಿಂದ. ಮುದುಕ ಪೂರ್ತಿ ಹೇಳಿಕೊಡುವ ಮೊದಲೇ ಸತ್ತ. ಪದ ಗುಂಡಿಯೊಳಗೆ ನಿಂತದ್ದರಿಂದ ಮನುಷ್ಯನೂ ಗುಂಡಿಯೊಳಗೇ ನಿಂತ ಎಂದು ಮನೆ ನಂಬಿಕೊಂಡಿತು. ಬೈಬಲ್ಲಿನಲ್ಲಿ ಅವನ ಹೆಸರೂ ಇರಲಿಲ್ಲ.

ಅವನ ಹಿಂದೆ ಎಷ್ಟು ಗಂಡಸರು ಹೋದರು. ಅವನ ಮಗ ಚಿನ್ನದ ಗಣಿಗೆ ಹೋಗಿ ಅಲ್ಲೇ ಉಳಿದ. ಲಿನೆಯೊಳ ಅಪ್ಪನೂ ಹಾಗೆಯೇ. ಈ ಚಳಿಗಾಲದಲ್ಲಿ ಅವಳ ಅಣ್ಣ ಕಬೆಲೊ ಚೀಲ ಕಟ್ಟಿ ಗಣಿಗೆ ಹೋದ. ಫೋನು ಮಾಡಿದರೆ ಒಮ್ಮೆ ಎತ್ತುತ್ತಾನೆ, ಒಮ್ಮೆ ಇಲ್ಲ. ಅಜ್ಜಿ ಒಲೆಯ ಮುಂದೆ ಕೂತು ಅನ್ನುತ್ತಿದ್ದಳು: “ಮೊದ್ಲು ಹೋದೋನು ಮನೆಗೆ ಬರ್ಲಿಲ್ಲ ಮಗಾ. ಹಿಂದೆ ಹೋದೋರಿಗೆ ದಾರಿ ಯಾರು ತೋರಿಸ್ಬೇಕು?” ಆ ಮಾತು ಲಿನೆಯೊಳನ್ನು ಬಿಡಲಿಲ್ಲ. ಹೊಸ ಜಾಗದಲ್ಲಿ ಎಲ್ಲರ ಕಲ್ಲೂ ನಿಂತು, ಮೊದಲನೆಯವನದು ಮಾತ್ರ ಇಲ್ಲದಿದ್ದರೆ?

ಆ ಮಧ್ಯಾಹ್ನ ಗುಮಾಸ್ತ ಬಂದ. ಪೇಟೆಯಲ್ಲಿ ಬೆಳೆದವನು, ನಯವಾದ ಶೂ, ಚುರುಕು ಬಾಯಿ. ಗಂಡಸರು ಯಾರೂ ಕಾಣದೆ, ಅಂಗಳ ಗುಡಿಸುತ್ತಿದ್ದ ಮೊಹಾಪಿಯ ಹೊಸ ಸೊಸೆ ಮಾಲೆರಾಟೊಳನ್ನೇ ಕೇಳಿದ.

“ಅಕ್ಕಾ, ಈ ಮನೆ ಯಜಮಾನ್ರ ಹೆಸರೇನು?”

ಮಾಲೆರಾಟೊ ಪೊರಕೆ ಕೆಳಗಿಟ್ಟಳು. ಹೆಗಲ ಮೇಲಿನ ಕಂಬಳಿ ಬಿಗಿಮಾಡಿ ನೆಲ ನೋಡಿದಳು. “ಅವ್ರು… ಬಿಳಿ ಕುದುರೆಯವ್ರು.”

“ಅಯ್ಯೋ ಗೊತ್ತಾಯ್ತು ಬಿಡಿ, ಮಾವನ ಹೆಸರು ನಿಮ್ಮ ಬಾಯಿಗೆ ಬರಲ್ಲ. ಆದ್ರೆ ಬಿಳಿ ಕುದುರೆ ಅಂತ ಬರ್ಕೊಂಡು ಹೋದ್ರೆ ನಮ್ಮ ಸಾಹೇಬ್ರು ಕುದುರೆಗೇ ಮನೆ ಮಂಜೂರು ಮಾಡ್ತಾರೆ. ನಿಮ್ಮ ಮಾವ ಲಾಯದಲ್ಲಿ ಮಲಗ್ಬೇಕಾಗುತ್ತೆ.”

“ಮಲಗ್ಲಿ ಬಿಡಿ, ಈಗ್ಲೂ ಅಲ್ಲೇ ಇರ್ತಾರೆ ಅರ್ಧ ದಿನ,” ಅಂದಳು ಒಳಗಿನಿಂದ ಅಜ್ಜಿ.

ಗುಮಾಸ್ತ ನಕ್ಕ, ಮಾಲೆರಾಟೊ ಬಾಯಿಗೆ ಕಂಬಳಿಯ ಅಂಚು ಒತ್ತಿಕೊಂಡು ನಕ್ಕಳು. ಹಿಟ್ಟು ಕಲಸುತ್ತಿದ್ದ ಲಿನೆಯೊ ಮಾತ್ರ ನಗಲಿಲ್ಲ. ಅವಳ ಕೈ ಪಾತ್ರೆಯಲ್ಲೇ ನಿಂತಿತು. ಬೈಬಲ್ಲಿನಲ್ಲಿ ಬರೆದವರು ಯಾರು? ಮುತ್ತಜ್ಜಿ. ಮುತ್ತಜ್ಜಿ ಈ ಮನೆಗೆ ಯಾರು? ಥೂಲೊನ ಸೊಸೆ. ಗಂಡ ಗಣಿಯಲ್ಲಿ ಉಳಿದ ಮೇಲೆ ಮನೆ ಕಾದವಳು ಅವಳು. ಅವಳ ನಂತರ ಕಾದವಳು ಅಜ್ಜಿ, ಅವಳೂ ಸೊಸೆಯೇ. ಆ ಹೆಸರನ್ನು ಬಾಯಿಗೆ ತರುವ ಹಕ್ಕಿದ್ದವರೆಲ್ಲ ಒಬ್ಬೊಬ್ಬರಾಗಿ ಹೊರಗೆ ಹೋಗಿ ಸತ್ತರು. ಉಳಿದವರಿಗೆ ಬಾಯಿ ಇತ್ತು, ಹೆಸರಿರಲಿಲ್ಲ. ಸೊಸೆಯ ಕೈ ಮಾವನ ಹೆಸರು ಬರೆಯುತ್ತದೆಯೇ?

ಅವಳು ಹಿಟ್ಟಿನ ಕೈಯಲ್ಲೇ ಲಾಯಕ್ಕೆ ಓಡಿದಳು. ದೊಡ್ಡಪ್ಪ ಕುದುರೆಯ ಗೊರಸು ಕೆರೆಯುತ್ತಿದ್ದ. ತಲೆ ಎತ್ತದೆ ಪೂರ್ತಿ ಕೇಳಿಸಿಕೊಂಡ.

“ಅಂದ್ರೆ ಆ ಹಗ್ಗ ಮಾರೋನು ನಮ್ಮ ಥೂಲೊಜ್ಜ ಅಂತೀಯ?”

“ಹಗ್ಗ ಮಾರೋನು ಅಂತ ಎಲ್ಲಿ ಬರೆದಿದೆ ದೊಡ್ಡಪ್ಪ? ಹಗ್ಗದವರು ಅಂತ ಅಷ್ಟೇ ಇರೋದು. ಮಾರೋದನ್ನ ನಾವು ಸೇರಿಸಿದ್ದು. ನಿನ್ನ ಪದದಲ್ಲೇ ಇದೆಯಲ್ಲ ಹಗ್ಗ. ಗುಂಡಿಗೆ ಹಗ್ಗದ ಮೇಲೆ ಇಳಿದು ಹತ್ತಿದ ಕತೇನ ಥೂಲೊ ಮನೆಗೆ ಬಂದು ದಿನಾ ಹೇಳಿರ್ತಾನೆ, ಸೊಸೆ ಅದನ್ನೇ ಹೆಸರು ಮಾಡ್ಕೊಂಡಿರ್ತಾಳೆ.”

“ಇರ್ತಾನೆ, ಇರ್ತಾಳೆ.” ಮೊಹಾಪಿ ಗೊರಸು ಬಿಟ್ಟು ನೆಟ್ಟಗಾದ. “ಇರದಿದ್ರೆ?”

“ದಾರಿಹೋಕನನ್ನ ದೊಡ್ಡಿ ಒಳಗೆ ಯಾರು ಹೂಳ್ತಾರೆ? ಅದು ಯಜಮಾನನ ಜಾಗ. ನಿನ್ನನ್ನೇ ಅಲ್ಲಿ ಬಿಡ್ತಾರೋ ಇಲ್ವೋ.”

“ನನ್ನನ್ನ ಕಳ್ಸೋ ಆತುರ ನೋಡು ಇವಳಿಗೆ. ಹಿಮ ಬಿದ್ದಿತ್ತು ಅಂತಾರಲ್ಲ. ಹೊರಗೆ ನೆಲ ಕಬ್ಬಿಣ ಆಗಿರುತ್ತೆ, ದೊಡ್ಡಿ ಒಳಗೆ ಸಗಣಿ ಬಿಸಿಗೆ ಮೆತ್ತಗಿರುತ್ತೆ. ಅಗೆದಿದಾರೆ, ಇಟ್ಟಿದಾರೆ.” ಅವನ ದನಿ ಇಳಿಯಿತು. “ಲಿನೆಯೊ, ಯಾರದ್ದೋ ಎಲುಬಿನ ಮುಂದೆ ನಿಂತು ಥೂಲೊನ ಹೆಸರು ಕೂಗಿಬಿಟ್ರೆ, ನಿಜವಾದವನು ಆಮೇಲೆ ಯಾವ ಮನೆಗೆ ಬರ್ತಾನೆ? ಅವನ ಜಾಗ ತುಂಬಿಹೋಗಿರುತ್ತೆ.”

ಲಿನೆಯೊಳ ಭಯವೂ ಅದೇ ಆಗಿತ್ತು. ಹೇಳದಿದ್ದರೆ ಥೂಲೊ ಒಂದು ನಂಬರಾಗುತ್ತಾನೆ. ತಪ್ಪು ಹೇಳಿದರೆ ಮನೆಯ ಬಾಗಿಲಲ್ಲೇ ಕಳೆದುಹೋಗುತ್ತಾನೆ. ಆಚೆ ಗುಮಾಸ್ತ ಮೇಲಿನ ಮನೆಗಳನ್ನು ಮುಗಿಸಿ ಇಳಿಯುತ್ತಿದ್ದ. ಬಿಸಿಲು ಆಗಲೇ ಎದುರು ಬೆಟ್ಟದ ನೆತ್ತಿಗೆ ಸರಿದಿತ್ತು. ಕಬೆಲೊಗೆ ಫೋನು ಹಚ್ಚಿದಳು. ರಿಂಗಾಗಿ ರಿಂಗಾಗಿ ನಿಂತಿತು.

ಅವಳು ಅಜ್ಜಿಯ ಮುಂದೆ ಬಂದು ಕೂತಳು. “ಅಜ್ಜಿ, ದೊಡ್ಡಿಯಲ್ಲಿರೋದು ಯಾರು?”

“ಹಗ್ಗದವ್ರು.”

“ಅದು ಗೊತ್ತು. ಯಾರು ಅವ್ರು?”

“ನಮ್ಮತ್ತೆ ಹಂಗೇ ಕರೀತಿದ್ರು, ನಾನೂ ಹಂಗೇ ಕರೆದೆ. ನಾನು ಬರೋ ಹೊತ್ತಿಗೆ ಅವ್ರು ಮಣ್ಣಲ್ಲಿದ್ರು. ಯಾರು ಏನು ಅಂತ ಕೇಳೋ ಕಾಲ್ವಾ ಅದು?”

“ಅತ್ತೆ ಬೇರೆ ಏನೂ ಹೇಳ್ಲಿಲ್ವಾ?”

“ಹೇಳೋದೇನು, ಬೈದ್ರು. ಮದುವೆಯಾಗಿ ಬಂದ ಹೊಸದ್ರಲ್ಲಿ ನೀರು ಹೊತ್ಕೊಂಡು ಆ ಗೋಡೆ ಪಕ್ಕದಲ್ಲೇ ಬಂದೆ, ಮೈಮೇಲೆ ಕಂಬಳಿ ಇಲ್ದೆ. ಕೊಡ ಇಳಿಸೋಕೂ ಬಿಡ್ಲಿಲ್ಲ. ಹೆಗಲು ಮುಚ್ಕೊ, ದೂರದಿಂದ ಸುತ್ತಿ ಬಾ ಅಂದ್ರು. ಅವತ್ತಿಂದ ಹಂಗೇ ಹೋಗ್ತೀನಿ. ಬೇಕಾದ್ರೆ ನಿಮ್ಮ ದೊಡ್ಡಪ್ಪನ್ನ ಕೇಳು, ಎಳೆ ಮಗೂನ ಬೆನ್ನಿಗೆ ಕಟ್ಕೊಂಡು ಅಷ್ಟು ದೂರ ಸುತ್ತಿದೀನಿ.”

ಬಾಗಿಲಲ್ಲಿ ನೆರಳು ಬಿತ್ತು. ಮೊಹಾಪಿ ಯಾವಾಗ ಬಂದು ನಿಂತಿದ್ದನೋ.

“ಅವ್ವಾ,” ಅಂದ, “ಹೆಗಲು ಮುಚ್ಕೊಂಡು ಹೋಗೋದು ಯಾರ ಮುಂದೆ?”

“ಮಾವನ ಮುಂದೆ. ಮಾವನ ಅಪ್ಪನ ಮುಂದೆ. ಇನ್ಯಾರ ಮುಂದೆ ಹೋಗ್ತಾರೆ? ಹಗ್ಗ ಮಾರೋನ ಮುಂದಾ?” ಅಂದುಬಿಟ್ಟು ಅಜ್ಜಿ ಬಾಗಿಲಾಚೆಯ ದೊಡ್ಡಿಯ ಕಡೆ ತಿರುಗಿ ನೋಡಿದಳು. ಒಲೆಯ ಮೇಲಿನ ಸೊಪ್ಪು ಸೀಯುವ ವಾಸನೆ ಬಂತು, ಯಾರೂ ಇಳಿಸಲಿಲ್ಲ. ಆಮೇಲೆ ಕೋಲಿಗೆ ಕೈ ಚಾಚಿದಳು. “ನಂಗೊತ್ತಿಲ್ಲ ಮಗಾ. ಪ್ರಮಾಣ ಮಾಡಿ ಹೇಳು ಅಂದ್ರೆ ಹೇಳಲಾರೆ. ಗೊತ್ತಿದ್ರೂ ಆ ಹೆಸರು ನನ್ನ ಬಾಯಿಗಿಲ್ಲ. ನೀನು ಈ ಮನೇಲಿ ಹುಟ್ಟಿದೋಳು, ನಿನ್ನ ಬಾಯಿಗೆ ಕಟ್ಟಿಲ್ಲ. ನಡಿ.”

ಗುಮಾಸ್ತ ದೊಡ್ಡಿಯ ಹತ್ತಿರ ಬಣ್ಣದ ಡಬ್ಬಿ ತೆರೆದು, ಕಲ್ಲಿಗೆ ನಂಬರು ಹಾಕಲು ಕುಂಚ ಅದ್ದಿಯಾಗಿತ್ತು.

“ಇದಕ್ಕೆ ಯಾರೂ ಇಲ್ವಲ್ಲ? ಹಾಕ್ಬಿಡ್ಲಾ?”

“ತಡೀರಪ್ಪಾ,” ಅಂದಳು ಲಿನೆಯೊ. ಹಿಂದೆ ತಿರುಗಿ ನೋಡಿದಳು. ಅಜ್ಜಿ ಕಂಬಳಿಯನ್ನು ಕತ್ತಿನವರೆಗೆ ಎಳೆದುಕೊಂಡು, ಕೋಲೂರಿ, ಗೋಡೆಯಿಂದ ದೂರಕ್ಕೆ ಸುತ್ತು ಹಾಕಿ ಬರುತ್ತಿದ್ದಳು. ಅವಳ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಮಾಲೆರಾಟೊ. ಇಷ್ಟು ವರ್ಷ ದಿನವೂ ಕಂಡ ನೋಟ ಅದು. ಮೊಹಾಪಿ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ.

“ಥೂಲೊ,” ಅಂದಳು ಲಿನೆಯೊ. “ನನ್ನ ಅಜ್ಜನ ಅಜ್ಜ. ವಜ್ರದ ಗುಂಡಿಗೆ ಹೋಗಿ, ತಿರುಗಿ ಮನೆಗೆ ಬಂದವರು.”

ದೂರದಲ್ಲಿ ಇಬ್ಬರು ಸೊಸೆಯಂದಿರೂ ಆ ಹೆಸರಿಗೆ ಮುಖ ಪಕ್ಕಕ್ಕೆ ತಿರುಗಿಸಿದರು.

“ಸಾಕ್ಷಿ?” ಅಂದ ಗುಮಾಸ್ತ.

ಲಿನೆಯೊ ದೊಡ್ಡಪ್ಪನ ಕಡೆ ನೋಡಲಿಲ್ಲ, ನೋಡಲು ಧೈರ್ಯವಾಗಲಿಲ್ಲ.

“ನಾನು,” ಅಂದ ಮೊಹಾಪಿ. “ಮೊಹಾಪಿ ಅಂತ ಬರ್ಕೊ. ಬಿಳಿ ಕುದುರೆ ಅಂತಲ್ಲ.”

ಗುಮಾಸ್ತ ಬರೆದುಕೊಂಡ, ಕುಂಚ ಒರೆಸಿದ, ಗಾಡಿ ಹತ್ತಿದ. ಧೂಳು ಅಡಗಿದ ಮೇಲೆ ಮೊಹಾಪಿ ಕೋಲೆತ್ತಿ ಪದ ಶುರುಮಾಡಿದ. ಹಗ್ಗದವರೆಗೆ ಬಂದು ಎಂದಿನಂತೆ ನಿಂತ. ಮುಂದಿನ ಸಾಲು ಯಾರಿಗೂ ಬರುತ್ತಿರಲಿಲ್ಲ.

ಮನೆಗೆ ಬಂದು ಲಿನೆಯೊ ಬೈಬಲ್ಲು ತೆರೆದಳು. ‘ಹಗ್ಗದವರು’ ಎಂಬುದನ್ನು ಹೊಡೆದುಹಾಕಲಿಲ್ಲ. ಕೆಳಗೆ ಪೆನ್ಸಿಲ್ಲಿನಲ್ಲಿ ಹೆಸರು ಬರೆದಳು. ಪೆನ್ನು ಮುಟ್ಟಲು ಮನಸ್ಸು ಒಪ್ಪಲಿಲ್ಲ. ಅವನಲ್ಲದಿದ್ದರೆ? ಮತ್ತೆ ಫೋನು ಹಚ್ಚಿದಳು. ಕಬೆಲೊ ಎತ್ತಲಿಲ್ಲ.

ಗಡಿಗೆಯ ತಳದಲ್ಲಿ ಒಂದಿಷ್ಟು ಜೋಳದ ಬೀರು ಉಳಿದಿತ್ತು. ಕತ್ತಲಾಗುವ ಮೊದಲು ಅದನ್ನು ದೊಡ್ಡಿಗೆ ಒಯ್ದು ಹಿರಿಯರಿಗೆ ಎರೆಯುವಂತೆ ಕಲ್ಲುಗುಪ್ಪೆಯ ಬುಡಕ್ಕೆ ಸುರಿದಳು. ನೆಲ ಅದನ್ನು ಎಳೆದುಕೊಳ್ಳುವವರೆಗೆ ಕಾದಳು. ಆಮೇಲೆ ಗಡಿಗೆ ತೊಳೆದು ಬಾಗಿಲ ಪಕ್ಕದಲ್ಲಿ ಬೋರಲು ಹಾಕಿದಳು.