ಬೀರವ್ವನ ಪ್ರಶ್ನೆಗೆ ಹೌಸಾಬಾಯಿಯ ಉತ್ತರ

ಕನ್ನಡ-ಮರಾಠಿ ಗಡಿಯ ಸಂಖ ಊರಾಚೆಯ ದಾಳಿಂಬೆ ತೋಟದಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಟೆಂಪೊದಿಂದ ಇಳಿದ ಹೆಂಗಸರು ಸೆರಗು ಬಿಗಿದು, ಕುರ್ಪಿ ಹಿಡಿದು ಸಾಲಿಗೊಬ್ಬರಂತೆ ಕಳೆಗೆ ಕೂರುತ್ತಾರೆ. ಯಾರ ಕಣ್ಣಿನಿಂದಲೂ ನಿದ್ದೆ ಇಳಿದಿಲ್ಲ. ಬೀರವ್ವ ಒಂದು ಹಿಡಿ ಕರಿಕೆ ಹುಲ್ಲು ಕಿತ್ತು ಬದುವಿಗೆ ಎಸೆದು, ಕನ್ನಡದಲ್ಲಿ ಒಂದು ಸೊಲ್ಲು ಎತ್ತುತ್ತಾರೆ.

"ಕುರಿ ಹಿಂದ ಹೋದಾಂವ ಹೊಳಿದಂಡಿ ಸೇರ್ಯಾನ, ಬಿಸಿಲಾಗ ನೆರಳ ಯಾರ ಕೊಟ್ಟಾರ?"

ಪಕ್ಕದ ಸಾಲಿನಿಂದ ಹೌಸಾಬಾಯಿ ತಲೆ ಎತ್ತದೆಯೇ ಮರಾಠಿಯಲ್ಲಿ ಉತ್ತರ ಕೊಡುತ್ತಾರೆ: "ಬಾಭಳೀಚೀ ಸಾವಲೀ ಗ ಬಾಯಿ, ದುಪಾರಚೀ ಮಾವುಲೀ." ಜಾಲಿಯ ನೆರಳೇ ನಡುಹಗಲಿನ ತಾಯಿ ಎಂದರ್ಥ. ಈ ಸವಾಲು ಜವಾಬು ಕಿವಿಗೆ ಬಿದ್ದ ಮೇಲೆಯೇ ಉಳಿದವರ ಕೈ ಚುರುಕಾಗುವುದು.

ಇಂಥ ಎಂಟು ಹಾಡುಗಳು ಕಳೆದ ವಾರ 'ಬದುವಿನ ಸೊಲ್ಲು' ಎಂಬ ಆಲ್ಬಮ್ ಆಗಿ ಹೊರಬಂದಿವೆ. ಜೋಡಿಯ ಮೊದಲ ಆಲ್ಬಮ್ ಅದು. ಬಿಡುಗಡೆಯ ಮರುದಿನವೂ ಇಬ್ಬರೂ ಕಳೆ ಕೀಳಲು ಬಂದಿದ್ದರು.

ಐವತ್ತು ದಾಟಿದ ಬೀರವ್ವ ಕುರಿಗಾರರ ಮನೆಯವರು. ಸಣ್ಣವರಿದ್ದಾಗ ಹಿಂಡಿನ ಹಿಂದೆ ಊರೂರು ಅಲೆಯುತ್ತ ತಾಯಿಯ ಬಾಯಿಂದ ಹಾಡು ಕಲಿತರು. ಹೌಸಾಬಾಯಿ ಶೇಗಾಂವದಿಂದ ಸಂಖದ ಬೌದ್ಧ ಕೇರಿಗೆ ಸೊಸೆಯಾಗಿ ಬಂದವರು. ಆಗ ಅವರಿಗೆ ಕನ್ನಡ ಬರುತ್ತಿರಲಿಲ್ಲ. ಕೂಲಿಗೆ ಬಂದ ಮೊದಲ ದಿನ ಮಾತಿಗೆ ಯಾರೂ ಸಿಗದೆ ಕೂತಿದ್ದಾಗ ಪಕ್ಕದ ಸಾಲಿನಿಂದ ಬೀರವ್ವನ ಹಾಡು ಕೇಳಿಸಿತು.

"ಈಕಿ ಏನೋ ಕೇಳಾಕತ್ತಾಳ ಅನಿಸ್ತ್ರಿ. ಕೇಳಿದಾರ ಮುಂದ ಸುಮ್ನ ಕುಂತ್ರ ಹೆಂಗ? ನಮ್ಮವ್ವ ಬೀಸುವಾಗ ಹಾಡತಿದ್ದ ಒಂದ ಸಾಲ ತಗದ ಒಗದೆ" ಎಂದು ಹೌಸಾಬಾಯಿ ನಗುತ್ತಾರೆ. "ಅಕಿ ಕೇಳಿದ್ದು ನೀರಿನ ಮಾತ, ನಾ ಹೇಳಿದ್ದು ತವರಮನಿದು. ಆದ್ರೂ ಹಾಡ ಕೂಡ್ತು ನೋಡ್ರಿ."

ಮದುವೆಗಳ ವಿಡಿಯೊ ತೆಗೆಯುವ ಮಲ್ಲಿನಾಥ ಒಮ್ಮೆ ತೋಟದ ಹಾದಿಯಲ್ಲಿ ಈ ಹಾಡು ಕೇಳಿ ಬೈಕು ನಿಲ್ಲಿಸಿದ. ಆಲ್ಬಮ್ ಮಾಡೋಣವೆಂದವನು ಅವನೇ. ತೊಡಕು ಬಂದದ್ದು ಬೀರವ್ವನ ಮನೆಯಿಂದ. ಅವರ ಭಾವ ಭರಮಣ್ಣ ಊರಿನ ಡೊಳ್ಳಿನ ಹಾಡುಗಾರರಲ್ಲಿ ಹಿರಿಯರು. ಕುರಿಗಾರರ ದೇವರು ಬೀರಪ್ಪನ ತೊಟ್ಟಿಲ ಹಾಡಿಗೆ ಹೌಸಾಬಾಯಿ ಸಂವಿಧಾನ ಬರೆದ ಭೀಮರಾಯನ ತೊಟ್ಟಿಲ ಹಾಡಿನಿಂದ ಉತ್ತರ ಕೊಡುತ್ತಾರೆಂದು ತಿಳಿದು ಕಿಡಿಕಿಡಿಯಾದರು. "ಹೊಲದಾಗ ಏನರೆ ಹಾಡ್ಕೋರಿ. ಗುಡಿ ಹಾಡ ಆ ಕೇರಿಯಾಕಿ ಕೂಡ ಹಾಡಿ ಊರಾಗ ಹಂಚಬ್ಯಾಡ್ರಿ" ಎಂದರು.

ಮಾತು ಕೇರಿಗೂ ಮುಟ್ಟಿತು. ಹೌಸಾಬಾಯಿ ಜಗಳಕ್ಕೆ ಹೋಗಲಿಲ್ಲ. "ನೀ ಒಬ್ಬಾಕಿನ ಹಾಡವ್ವ" ಎಂದಷ್ಟೇ ಬೀರವ್ವನಿಗೆ ಹೇಳಿ, ಮರುದಿನ ತೋಟದಲ್ಲಿ ದೂರದ ಸಾಲು ಹಿಡಿದರು. ಅಂದು ತೋಟದಲ್ಲಿ ಹಾಡು ಏಳಲಿಲ್ಲ.

ಬೀರವ್ವ ಒಬ್ಬರೇ ಮಲ್ಲಿನಾಥನ ಅಂಗಡಿಗೆ ಹೋದರು. ಮೈಕಿನ ಮುಂದೆ ಮೊದಲ ಸೊಲ್ಲು ಹಾಡಿ ನಿಲ್ಲಿಸಿದರು.

"ಮುಂದಿಂದು ಹಾಡ್ರಿ ಅವ್ವ" ಎಂದ ಮಲ್ಲಿನಾಥ.

"ಮುಂದಿಂದು ನಂದಲ್ಲಪ್ಪ."

"ಉತ್ತರಾನೂ ನೀವ ಹಾಡ್ರಲಾ, ಬರತೈತಲ್ಲ?"

"ಬರತೈತಿ. ಆದ್ರ ಕೇಳಿದಾಕಿ ತಾನ ಉತ್ತರ ಹೇಳಿದ್ರ ಅದು ಹಾಡ ಆಗಂಗಿಲ್ಲ, ಹುಚ್ಚಿ ಮಾತ ಆಗತೈತಿ."

ಹಾಗೆಂದವರೇ ಎದ್ದು ನೇರ ಹೌಸಾಬಾಯಿಯ ಮನೆಗೆ ನಡೆದರು. ಇಷ್ಟು ವರ್ಷ ಒಂದೇ ಬದುವಿನ ಮೇಲೆ ಬುತ್ತಿ ಬಿಚ್ಚಿದ್ದರೂ ಆ ಹೊಸ್ತಿಲು ದಾಟಿದ್ದು ಅದೇ ಮೊದಲು. "ನಿಮ್ಮ ಮನ್ಯಾಗ ಬೈತಾರ" ಎಂದು ಹೌಸಾಬಾಯಿ ಹಿಂಜರಿದರು. "ಬೈಲಿ. ಬೈಗಳಕ್ಕ ನಾ ಉತ್ತರ ಹೇಳ್ತೀನಿ, ಹಾಡಿಗಿ ನೀ ಹೇಳ" ಎಂದು ಬೀರವ್ವ ಅಲ್ಲೇ ಕೂತು ಚಹಾ ಕುಡಿದರು.

ಅಂದಿನಿಂದ ಭರಮಣ್ಣ ಮಾತು ಬಿಟ್ಟರು. ಇವರು ಹಾಡು ಬಿಡಲಿಲ್ಲ. ಕೆಲಸ ಮುಗಿದ ಮೇಲೆ ತೋಟದ ಶೆಡ್ಡಿನಲ್ಲೇ ಕೂತು, ಕೈಯಲ್ಲಿ ಕುರ್ಪಿ ಹಿಡಿದೇ ಎಂಟೂ ಹಾಡು ಹಾಡಿದರು. ಕೈ ಖಾಲಿ ಇದ್ದರೆ ಇಬ್ಬರಿಗೂ ದನಿ ಏಳುವುದಿಲ್ಲ. ಅಲ್ಲೇ ಮುದ್ರಿಸಿಕೊಂಡ ಮಲ್ಲಿನಾಥ ಕುರ್ಪಿ ಮಣ್ಣು ಕೆರೆಯುವ ಸದ್ದನ್ನು ತೆಗೆಯದೆ ಹಾಗೆಯೇ ಬಿಟ್ಟಿದ್ದಾನೆ.

ಬಿಡುಗಡೆ ನಡೆದದ್ದು ಬೌದ್ಧ ಕೇರಿಯ ವಿಹಾರದಲ್ಲಿ. ಬೀರವ್ವನ ಕಡೆಯಿಂದ ಬಂದವರು ಕೆಲವೇ ಹೆಂಗಸರು. ತೊಟ್ಟಿಲ ಹಾಡು ಮುಗಿದಾಗ ಬೀರವ್ವ ಹೊರಗೆ ನೋಡಿದರೆ, ರಸ್ತೆಯ ಆಚೆ ಹೆಗಲ ಮೇಲೆ ಕಂಬಳಿ ಹೊತ್ತು ಭರಮಣ್ಣ ನಿಂತಿದ್ದರು. ಒಳಗೆ ಬರಲಿಲ್ಲ. ಮರುದಿನ ಸಂಜೆ, ಆಡಿನ ಹಾಲು ಕರೆಯುತ್ತಿದ್ದ ಬೀರವ್ವನ ಬೆನ್ನ ಹಿಂದೆ ಬಂದು, "ತೊಟ್ಟಿಲ ಹಾಡಿನ್ಯಾಗ ಎರಡನೇ ನುಡಿ ಬಿಟ್ಟೀರಿ" ಎಂದು ಗದರಿ ಹೋದರು.

ಅದನ್ನು ಒಪ್ಪಿಗೆ ಎಂದುಕೊಳ್ಳುವಷ್ಟು ಬೀರವ್ವ ಮುಗ್ಧರಲ್ಲ. ಮೊನ್ನೆ ಗುಡಿಯ ಧ್ವನಿವರ್ಧಕದಲ್ಲಿ ಯಾರೋ ಇವರ ಹಾಡು ಹಚ್ಚಿದ್ದರಂತೆ. ಮರಾಠಿ ಸಾಲು ಶುರುವಾಗುತ್ತಲೇ ಇನ್ನಾರೋ ನಿಲ್ಲಿಸಿದರಂತೆ.

ಈ ಹಾಡುಗಳಿಂದ ಇನ್ನು ಏನಾಗಬೇಕೆಂದು ಕೇಳಿದರೆ ಬೀರವ್ವ ಕುರ್ಪಿಯ ಮಣ್ಣು ಒರೆಸುತ್ತ ಹೇಳುತ್ತಾರೆ:

"ದೊಡ್ಡ ಹೆಸರ ಏನ ಬ್ಯಾಡ್ರಿ. ಗುಡಿ ಮುಂದ ನಮ್ಮ ಹಾಡ ಹಚ್ಚಿದಾಗ, ಹೌಸಾನ ದನಿ ಬಂದಲ್ಲಿ ಯಾರೂ ಬಂದ್ ಮಾಡಬಾರದು. ಅಷ್ಟ ಆದ್ರ ಸಾಕ್ರಿ."