ತಾರಸಿಯ ಮೇಲಿನ ಹಸಿರು ಗೆರೆ

ನಾವು ತೆಗೆದ ಮೊದಲ ನಕ್ಷತ್ರಗಳ ಫೋಟೋದಲ್ಲಿ ಒಂದೂ ನಕ್ಷತ್ರ ಇರಲಿಲ್ಲ. ಸ್ಟುಡಿಯೋದವರು ಅಷ್ಟನ್ನೂ ಅಳಿಸಿಹಾಕಿದ್ದರು.

ಎಂಬತ್ತರ ದಶಕದ ಮಾತು. ಜಯನಗರ ನಾಲ್ಕನೇ ಬ್ಲಾಕಿನ ಆ ಸ್ಟುಡಿಯೋಗೆ ಬರುತ್ತಿದ್ದುದೆಲ್ಲ ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು. ಕಪ್ಪು ಬಿಳುಪು ಪ್ರಿಂಟಿನ ಮೇಲೆ ಬಿಳಿ ಚುಕ್ಕಿ ಕಂಡರೆ ಅದು ಧೂಳು. ಧೂಳು ಕಂಡರೆ ಸಣ್ಣ ಕುಂಚವನ್ನು ಕಪ್ಪು ಮಸಿಯಲ್ಲಿ ಅದ್ದಿ ಮುಚ್ಚಬೇಕು. ಅದು ಅವರ ಕಸುಬು. ನಮ್ಮ ಫೋಟೋದಲ್ಲಿ ಚುಕ್ಕಿ ಬಿಟ್ಟು ಬೇರೇನೂ ಇರಲಿಲ್ಲ. ಪಾಪ, ಆ ಮನುಷ್ಯ ಕೂತು ಒಂದೊಂದನ್ನೂ ಮುಚ್ಚಿದ್ದರು.

“ಸಖತ್ ಧೂಳಿತ್ತು ಸಾರ್ ನಿಮ್ ಫಿಲಂನಲ್ಲಿ. ಎಲ್ಲಾ ಟಚ್ ಮಾಡಿ ತೆಗ್ದಿದೀನಿ. ಅದ್ಕೇನೂ ಬೇರೆ ಚಾರ್ಜ್ ಬೇಡ ಬಿಡಿ,” ಎಂದರು ಹೆಮ್ಮೆಯಿಂದ.

ಅಪ್ಪ ಆ ಕಪ್ಪು ಹಾಳೆಯನ್ನು ಉದ್ದಕ್ಕೆ ಹಿಡಿದು, ಅಡ್ಡಕ್ಕೆ ಹಿಡಿದು ನೋಡಿದರು. “ಈಗ ಇದ್ರಲ್ಲಿ ಏನಿದೆ?”

“ಏನೂ ಇಲ್ಲ ಸಾರ್. ನೀಟಾಗಿದೆ.”

ನಾನು ನಕ್ಕೆ. ಅಪ್ಪ ನಗಲಿಲ್ಲ. ನೆಗೆಟಿವನ್ನು ಬಾಗಿಲ ಬೆಳಕಿಗೆ ಹಿಡಿದರು. ಅದರಲ್ಲಿ ನಕ್ಷತ್ರಗಳಿದ್ದವು ನಿಜ, ಆದರೆ ದುಂಡು ಚುಕ್ಕಿಯಾಗಿ ಅಲ್ಲ, ಒಂದೊಂದೂ ಪುಟ್ಟ ಗೀಟಿನಂತೆ ಎಳೆದುಕೊಂಡಿದ್ದವು. ಅಂದರೆ ತಪ್ಪು ಸ್ಟುಡಿಯೋದವರದ್ದಷ್ಟೇ ಅಲ್ಲ, ನಮ್ಮದೂ ಇತ್ತು.

ಈಗ ಫೋನನ್ನು ಕಲ್ಲಿಗೆ ಒರಗಿಸಿಟ್ಟು ಗುಂಡಿ ಒತ್ತಿದರೆ ನಕ್ಷತ್ರ ಬರುತ್ತದೆ, ಮಿಕ್ಕಿದ್ದನ್ನು ಅದೇ ನೋಡಿಕೊಳ್ಳುತ್ತದೆ. ಆಗ ಹಾಗಲ್ಲ. ಭೂಮಿ ತಿರುಗುತ್ತದಲ್ಲ, ಕ್ಯಾಮೆರಾದ ಬಾಯಿಯನ್ನು ನಿಮಿಷಗಟ್ಟಲೆ ತೆರೆದಿಟ್ಟರೆ ನಕ್ಷತ್ರಗಳು ಸರಿದು ಗೀಟಾಗುತ್ತವೆ. ಹಾಗಾಗಬಾರದು ಅಂದರೆ ಕ್ಯಾಮೆರಾವೂ ನಕ್ಷತ್ರಗಳ ಜೊತೆಗೇ ಮೆಲ್ಲಗೆ ತಿರುಗಬೇಕು. ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾಗಿದ್ದ ಅಪ್ಪ ಅದಕ್ಕಾಗಿ ಎರಡು ಹಲಗೆಗೆ ಬಾಗಿಲಿನ ಹಿಂಜು ಹೊಡೆದು, ನಡುವೆ ಒಂದು ಉದ್ದ ಬೋಲ್ಟ್ ತೂರಿಸಿದ್ದರು. ಮೇಲಿನ ಹಲಗೆಯ ಮೇಲೆ ಇಟ್ಟಿಗೆಯಷ್ಟು ಭಾರದ ಹಳೆಯ ರಷ್ಯನ್ ಕ್ಯಾಮೆರಾ. ಬೋಲ್ಟನ್ನು ಗಡಿಯಾರದ ಸೆಕೆಂಡ್ ಮುಳ್ಳಿನ ವೇಗದಲ್ಲಿ ತಿರುಗಿಸುತ್ತ ಹೋದರೆ ಹಲಗೆ ಬಾಯಿ ತೆರೆಯುತ್ತದೆ, ಕ್ಯಾಮೆರಾ ಆಕಾಶವನ್ನು ಹಿಂಬಾಲಿಸುತ್ತದೆ. ಅಮ್ಮ ಅದನ್ನು ನೋಡಿದವಳೇ “ಇದೇನ್ರೀ, ಇಷ್ಟ್ ದೊಡ್ಡ ಅಡಕತ್ರಿ?” ಎಂದಿದ್ದಳು. ಅದೇ ಹೆಸರು ಉಳಿಯಿತು.

ನಮ್ಮ ಮನೆ ಇದ್ದದ್ದು ಬನಶಂಕರಿಯಲ್ಲಿ, ಕತ್ರಿಗುಪ್ಪೆ ಕಡೆಗೆ. ಸಂಜೆ ಏಳರ ಮೇಲೆ ನಾನೂ ಅಪ್ಪನೂ ತಾರಸಿ ಹತ್ತುತ್ತಿದ್ದೆವು. ಕರೆಂಟ್ ಹೋದರೆ ಬೀದಿಗೆಲ್ಲ ಶಾಪ, ನಮಗೆ ಹಬ್ಬ. ಹನುಮಂತನಗರದ ಗುಡ್ಡದ ಮೇಲಿನ ದೀಪವೊಂದನ್ನು ನೋಡಿ ಲೆನ್ಸಿನ ಫೋಕಸ್ ಸರಿಮಾಡಿಕೊಳ್ಳುತ್ತಿದ್ದೆವು, ಲೆನ್ಸಿನ ಮೇಲೆ ಕೊರೆದ ಗುರುತನ್ನು ನಂಬುವಂತಿರಲಿಲ್ಲ. ಕೆಂಪು ಕಾಗದ ಸುತ್ತಿದ ಟಾರ್ಚಿನ ಬೆಳಕಲ್ಲಿ ಗಡಿಯಾರ ನೋಡುತ್ತ ಬೋಲ್ಟ್ ತಿರುಗಿಸುವುದು ನನ್ನ ಕೆಲಸ. ಮಾತಾಡುವುದು ಅಪ್ಪನ ಕೆಲಸ.

ಇದನ್ನು ಹೇಳಲೇಬೇಕು. ಮನೆಯೊಳಗೆ ಅಪ್ಪ ಮಾತಿನ ಮನುಷ್ಯರಲ್ಲ. ಊಟ ಆಯ್ತಾ, ಓದಿದ್ಯಾ, ಮುಗಿಯಿತು. ತಾರಸಿಯ ಮೇಲೆ ಮಾತ್ರ ಬೇರೆ ಯಾರೋ ಅವರೊಳಗಿಂದ ಹೊರಬರುತ್ತಿದ್ದರು. ತಮ್ಮ ಕಾಲೇಜಿನ ಪುಂಡಾಟ, ಅಮ್ಮನನ್ನು ನೋಡಲು ಹೋದಾಗ ಉಪ್ಪಿಟ್ಟು ಶರ್ಟಿನ ಮೇಲೆ ಬೀಳಿಸಿಕೊಂಡದ್ದು, ಎಲ್ಲ ನನಗೆ ಗೊತ್ತಾದದ್ದು ಬೋಲ್ಟ್ ತಿರುಗಿಸುತ್ತಲೇ. ಕಾಲೇಜಿಗೆ ಹೋಗುವ ವಯಸ್ಸಿನ ಮಗಳಿಗೆ ಅಪ್ಪ ಸಿಗುತ್ತಿದ್ದ ಜಾಗ ಅದೊಂದೇ.

ನಮಗೆ ಬೇಕಿದ್ದದ್ದು ಆಕಾಶದ ಬೇಟೆಗಾರ, ಮಹಾವ್ಯಾಧ ನಕ್ಷತ್ರಪುಂಜದ ಫೋಟೋ. ಸಾಲಾಗಿ ನಿಂತ ಮೂರು ನಕ್ಷತ್ರ ಅವನ ಸೊಂಟಪಟ್ಟಿ, ಅದಕ್ಕೆ ಕಟ್ಟಿದ ಹಾಗೆ ಒಂದು ಕತ್ತಿ, ಆ ಕತ್ತಿಯ ನಡುವೆ ಒಂದು ಮಂಜು. ಅದು ಹೊಸ ನಕ್ಷತ್ರಗಳು ಹುಟ್ಟುವ ಮೋಡ. “ಅದೊಂದು ಬಂದ್ಬಿಡ್ಲಿ ನಮ್ ತಾರಸಿಯಿಂದ, ಸಾಕು,” ಎನ್ನುತ್ತಿದ್ದರು ಅಪ್ಪ.

ಅದಕ್ಕೆ ಹಲಗೆಯ ಹಿಂಜು ಸರಿಯಾಗಿ ಧ್ರುವನ ಕಡೆಗೇ ನೆಟ್ಟಿರಬೇಕು. ಇಡೀ ಆಕಾಶ ಸುತ್ತುವುದು ಅವನ ಸುತ್ತ. ನಮ್ಮ ಬೆಂಗಳೂರಿನಲ್ಲಿ ಧ್ರುವ ಎಷ್ಟು ಕೆಳಗಿದ್ದಾನೆ ಅಂದರೆ, ಕೈ ಚಾಚಿ ದಿಗಂತದ ಮೇಲೆ ಮುಷ್ಟಿ ಹಿಡಿದರೆ ಮುಷ್ಟಿಗಿಂತ ಸ್ವಲ್ಪ ಮೇಲೆ, ಅಷ್ಟೇ. ಖಾಲಿ ಬಾಲ್‌ಪೆನ್ನಿನ ಕೊಳವೆಯನ್ನು ಹಿಂಜಿಗೆ ಅಂಟಿಸಿ, ಕೆನ್ನೆಯನ್ನು ನೆಲಕ್ಕೆ ಒತ್ತಿ ಅದರೊಳಗೆ ಇಣುಕಿ ಅವನನ್ನು ಹುಡುಕಬೇಕಿತ್ತು.

ಉತ್ತರಕ್ಕಿದ್ದ ಪಕ್ಕದ ಮನೆಯ ಯಜಮಾನರು ಅಲ್ಲಿನ ಹಳೇ ಹಳ್ಳಿಯವರು. ಒಂದು ಕಾಲದಲ್ಲಿ ಆ ಲೇಔಟೆಲ್ಲ ಅವರ ಮನೆತನದ ರಾಗಿ ಹೊಲ. ಅವರು ತಮ್ಮ ತಾರಸಿಯಿಂದ ಕೂಗುತ್ತಿದ್ದರು:

“ಏನ್ ಮೇಷ್ಟ್ರೇ, ಅಪ್ಪ ಮಗಳು ಯಾವ್ ದೇವ್ರಿಗೆ ಅಡ್ಡಬೀಳ್ತಿದ್ದೀರಿ?”

“ಧ್ರುವನ್ನ ಹುಡುಕ್ತಿದೀವಿ ಯಜಮಾನ್ರೇ. ನಿಮ್ಮನೆ ಮೇಲೇ ಇದಾನೆ.”

“ನಮ್ಮನೆ ಮೇಲವ್ನಾ? ಹಂಗಾದ್ರೆ ಬಾಡಿಗೆ ಕೇಳ್ಬೇಕಲ್ಲ ಅವನ್ನ!”

ಆ ವರ್ಷ ದೀಪಾವಳಿ ಕಳೆದ ಮೇಲೆ ಅವರ ಮನೆ ಮುಂದೆ ಇಟ್ಟಿಗೆ ಲಾರಿ ಬಂದು ನಿಂತಿತು.

“ಮೇಲೊಂದು ಮನೆ ಎಬ್ಬುಸ್ತಾ ಇವ್ನಿ ಮೇಷ್ಟ್ರೇ. ಮಗಳು ಬಾಣಂತನಕ್ಕೆ ಬಂದ್ರೆ ಜಾಗ ಬ್ಯಾಡ್ವಾ?”

“ಬೇಕು ಬೇಕು,” ಎಂದರು ಅಪ್ಪ. ಸ್ವಲ್ಪ ತಡೆದು, “ಎಷ್ಟೆತ್ತರ ಬರತ್ತೆ?” ಎಂದರು.

“ಎಲ್ರ ಮನೆ ಅಷ್ಟೇಯ. ಯಾಕೆ, ನಿಮ್ ಧ್ರುವನ್ ಕಾಲಿಗೆ ತಗುಲ್ತದಾ? ಸ್ವಲ್ಪ ಮೇಲಕ್ಕೆ ಸರ್ಕೊಳಪ್ಪಾ ಅನ್ನಿ.”

ಎಲ್ಲರೂ ನಕ್ಕರು. ಮಗಳ ಬಾಣಂತನದ ಎದುರು ನಕ್ಷತ್ರದ ಮಾತೆತ್ತುವುದು ಯಾವ ನ್ಯಾಯ? ಆದರೆ ಗೋಡೆ ಏಳುತ್ತ ಹೋದಂತೆ ಅಪ್ಪ ಇಳಿಯುತ್ತ ಹೋದರು. ಮೊದಲು ಗುಡ್ಡದ ದೀಪ ಮರೆಯಾಯಿತು. ಆಮೇಲೆ ಅಪ್ಪ ತಾರಸಿ ಹತ್ತುವುದನ್ನೇ ಬಿಟ್ಟರು. ಸಂಜೆಯಾದರೆ ಟೆಸ್ಟ್ ಪೇಪರಿನ ಕಟ್ಟು ಬಿಚ್ಚಿಕೊಂಡು ಕೂರುವುದು, ಹೂಂ, ಊಹೂಂ. ಅಡಕತ್ತರಿ ಮಂಚದ ಕೆಳಗೆ ಸೇರಿತು.

ಅಮ್ಮನಿಗೇ ತಡೆಯಲಾಗಲಿಲ್ಲ. “ಗೋಡೆ ಎದ್ದಿರೋದು ಅವ್ರ ಮನೇಲಿ. ನಿಮ್ ಬಾಯಿಗ್ಯಾಕ್ರೀ ಬೀಗ?”

ಅಪ್ಪ ಕೆಂಪು ಪೆನ್ನಿನಲ್ಲಿ ಯಾರದೋ ಲೆಕ್ಕಕ್ಕೆ ಅಡ್ಡಗೆರೆ ಎಳೆದರು.

ನಾನು ಸುಮ್ಮನೆ ತಾರಸಿಗೆ ಹೋಗಿ ನಿಂತೆ. ಗೋಡೆಯ ತುದಿಗೂ ಧ್ರುವನಿಗೂ ನಡುವೆ ಇನ್ನೊಂದೆರಡು ಸಾಲು ಇಟ್ಟಿಗೆಯ ಅಂತರವಿದ್ದಿರಬೇಕು. ಗಾರೆಯವರು ಬಿಟ್ಟುಹೋದ ತೂಕದ ಗುಂಡು ದಾರದಲ್ಲಿ ನೇತಾಡುತ್ತಿತ್ತು, ಗೋಡೆ ನೆಟ್ಟಗಿದೆಯಾ ಎಂದು ನೋಡುವಂಥದ್ದು. ಅದನ್ನು ನೋಡುತ್ತ ನಿಂತವಳಿಗೆ ಒಂದು ವಿಷಯ ಹೊಳೆಯಿತು. ಕೆಳಗೆ ಓಡಿದೆ.

“ಅಪ್ಪಾ, ಧ್ರುವ ಎಲ್ಲಿಗೂ ಹೋಗಲ್ಲ ಅಲ್ವಾ?”

“ಹೂಂ.”

“ಹೋಗಲ್ಲ ಅಂದ್ಮೇಲೆ ದಿನಾ ನೋಡೋದ್ಯಾಕೆ? ಎಲ್ಲಿದಾನೆ ಅಂತ ಒಂದ್ಸಲ ಗುರುತು ಹಾಕ್ಕೊಂಡ್ರಾಯ್ತು. ನೆಲದ ಮೇಲೆ.”

ಅಪ್ಪ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಪೆನ್ನಿನ ಕ್ಯಾಪ್ ಹಾಕಿದರು.

ಮಾರನೆಯ ಸಂಜೆ ಯಜಮಾನರ ಹತ್ತಿರ ಹೋಗಿ ಗುಂಡು ಕೇಳಿದೆ. “ನೀನೂ ಮನೆ ಕಟ್ಟುಸ್ತೀಯೇನವ್ವ?” ಎಂದು ನಕ್ಕು ಕೊಟ್ಟರು. ಬಟ್ಟೆ ಒಣಗಿಸುವ ತಂತಿಗೆ ಅದನ್ನು ತೂಗುಬಿಟ್ಟೆವು. ಇನ್ನೊಂದು ದಾರಕ್ಕೆ ಬೀರುವಿನ ಬೀಗ ಕಟ್ಟಿ, ಅಪ್ಪ ಅದನ್ನು ಕೋಲಿಗೆ ಸಿಕ್ಕಿಸಿ ಹಿಡಿದುಕೊಂಡರು. ಕತ್ತಲಲ್ಲಿ ಕಾಣಲೆಂದು ದಾರಕ್ಕೆ ರಂಗೋಲಿ ಪುಡಿ ಸವರಿದ್ದೆವು. ನಾನು ಹಿಂದೆ ಕೂತು ಒಂದು ಕಣ್ಣು ಮುಚ್ಚಿ, “ಎಡಕ್ಕೆ... ಇನ್ನೂ... ಅಯ್ಯೋ ಜಾಸ್ತಿ ಆಯ್ತು,” ಎನ್ನುತ್ತ, ಕೊನೆಗೆ ಎರಡು ದಾರವೂ ಧ್ರುವನೂ ಒಂದೇ ನೇರಕ್ಕೆ ಬಂದಾಗ “ಅಲ್ಲಾಡ್ಬೇಡಿ!” ಎಂದು ಕಿರುಚಿದೆ. ಅಮ್ಮ ಎರಡೂ ತೂಕದ ಕೆಳಗೆ ಚುಕ್ಕಿಯಿಟ್ಟು, ನಡುವೆ ರಂಗೋಲಿಯಲ್ಲಿ ಗೆರೆ ಎಳೆದಳು.

“ಇಷ್ಟ್ ವರ್ಷಕ್ಕೆ ನನ್ನ ರಂಗೋಲಿ ಉಪಯೋಗಕ್ಕೆ ಬಂತು ನೋಡಿ ನಿಮ್ಗೆ,” ಎಂದಳು.

ಎತ್ತರದ ಲೆಕ್ಕವನ್ನು ಅಪ್ಪ ಆ ಸಂಜೆಯೇ ಮುಗಿಸಿದರು. ಪೆನ್ನಿನ ಕೊಳವೆಯಲ್ಲಿ ಧ್ರುವನನ್ನು ಹಿಡಿದು, ಹಲಗೆಯ ಕೆಳಗೆ ಮರದ ಬೆಣೆಯೊಂದನ್ನು ಕೊಟ್ಟು, ಮತ್ತೆ ಕದಲದಂತೆ ಮೊಳೆ ಹೊಡೆದರು. ಮಾರನೆಯ ಬೆಳಗ್ಗೆ, ಹಿಂದೆಂದೋ ಗೇಟಿಗೆ ಬಳಿದು ಮಿಕ್ಕಿದ್ದ ಹಸಿರು ಬಣ್ಣದಲ್ಲಿ ನಾನು ರಂಗೋಲಿಯ ಗೆರೆಯನ್ನು ಕಾಯಂ ಮಾಡಿದೆ. ಆ ವಾರವೇ ಗೋಡೆ ಧ್ರುವನನ್ನು ನುಂಗಿತು.

ಸಂಕ್ರಾಂತಿ ಕಳೆದ ಮೇಲೆ ಆಕಾಶ ತಿಳಿಯಾಯಿತು. ಪೂರ್ವದಲ್ಲಿ ಮಹಾವ್ಯಾಧ ಮೇಲೇರಿದ್ದ. ಉತ್ತರದಲ್ಲಿ ಗೋಡೆ ಬಿಟ್ಟು ಏನೂ ಇಲ್ಲ. ಹಸಿರು ಗೆರೆಯ ಮೇಲೆ ಅಡಕತ್ತರಿ ಕೂರಿಸಿ ನಾನು ಬೋಲ್ಟ್ ತಿರುಗಿಸಿದೆ, ಎರಡು ಫೋಟೋಗೆ ಎರಡು ಸಲ. ಅಪ್ಪ ಪಕ್ಕದಲ್ಲಿ ಕೂತಿದ್ದರು, ಒಂದು ಮಾತೂ ಆಡಲಿಲ್ಲ. ಕತೆ ಹೇಳಿ ಎಂದು ಕೇಳುವ ಧೈರ್ಯ ನನಗೂ ಬರಲಿಲ್ಲ. ಕಾಣದವನನ್ನು ನಂಬಿ ಕೂತಿದ್ದೆವು. ಇದೂ ಗೀಟಾಗಿ ಬಂದರೆ ಅಡಕತ್ತರಿ ಮಂಚದ ಕೆಳಕ್ಕೆ ಹೋಗುತ್ತದೆ, ಮತ್ತೆ ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಸ್ಟುಡಿಯೋದಲ್ಲಿ ಅಪ್ಪ ಎರಡೇ ಮಾತು ಹೇಳಿದರು. ಒಂದು, ಎರಡು ನೆಗೆಟಿವನ್ನು ಚುಕ್ಕಿಗೆ ಚುಕ್ಕಿ ಕೂಡಿಸಿ ಒಂದರ ಮೇಲೊಂದಿಟ್ಟು ಪ್ರಿಂಟ್ ಹಾಕಬೇಕು, ಆಗ ಮಸುಕಾಗಿರುವುದು ಸ್ವಲ್ಪ ಎದ್ದು ಕಾಣುತ್ತದೆ. ಇನ್ನೊಂದು, ಕುಂಚ ಮುಟ್ಟಬಾರದು.

ಮುಂದಿನ ಶನಿವಾರ ಹೋದಾಗ ಸ್ಟುಡಿಯೋದವರ ಮುಖ ಸಪ್ಪಗಿತ್ತು.

“ನೀವ್ ಹೇಳ್ದಂಗೆ ಒಂದ್ ಚುಕ್ಕಿನೂ ಮುಟ್ಟಿಲ್ಲ ಸಾರ್. ಆದ್ರೆ ನೋಡಿ, ಇಲ್ಲೊಂದು ಮಸುಕು ಕೂತ್ಬಿಟ್ಟಿದೆ. ಎರಡ್ ಸಲ ಪ್ರಿಂಟ್ ಹಾಕ್ದೆ, ಹೋಗ್ತಿಲ್ಲ. ಇದೊಂದನ್ನಾದ್ರೂ ಟಚ್ ಮಾಡ್ಲಾ?”

ಅವರ ಬೆರಳು ಮೂರು ನಕ್ಷತ್ರಗಳ ಪಕ್ಕದ ಕತ್ತಿಯ ಮೇಲಿತ್ತು. ನಕ್ಷತ್ರಗಳು ಸಾಸಿವೆ ಕಾಳಿನಂತೆ ದುಂಡಗಿದ್ದವು. ಅವುಗಳ ನಡುವೆ, ಚಳಿಗಾಲದಲ್ಲಿ ಬಾಯಿಂದ ಬಿಟ್ಟ ಉಸಿರಿನಂಥ ಒಂದು ಮಂಜು.

“ಬೇಡ!” ಎಂದು ಇಬ್ಬರೂ ಒಟ್ಟಿಗೇ ಕೂಗಿದ ರಭಸಕ್ಕೆ, ಫೋಟೋ ತೆಗೆಸಿಕೊಳ್ಳಲು ಕೂತಿದ್ದ ಮಗುವೊಂದು ಅಳತೊಡಗಿತು.

ಬಸ್ಸು ಹತ್ತಿದ್ದೇ ತಡ, ಅಪ್ಪ ಶುರು ಮಾಡಿದರು. ಆ ಮೋಡ ಎಷ್ಟು ದೂರ, ಅಲ್ಲಿಂದ ಬೆಳಕು ಹೊರಟಾಗ ಇಲ್ಲಿ ಯಾರಿದ್ದರು, ಇದನ್ನು ಯಜಮಾನರಿಗೆ ತೋರಿಸಿ ಏನು ಹೇಳಬೇಕು, ಮುಂದಿನ ವಾರ ಕೃತ್ತಿಕೆಯನ್ನು ಹಿಡಿಯೋಣವೇ, ನಿಮ್ಮಮ್ಮ ಆ ಉಪ್ಪಿಟ್ಟು ನೋಡಿ ನಕ್ಕಿರದಿದ್ದರೆ ನಾನು ಒಪ್ಪುತ್ತಲೇ ಇರಲಿಲ್ಲ... ಫೋಟೋದ ಲಕೋಟೆಯನ್ನು ಎದೆಗೊತ್ತಿಕೊಂಡು, ಅಕ್ಕಪಕ್ಕದವರು ನೋಡುತ್ತಿದ್ದಾರೆ ಎಂಬ ಪರಿವೆಯೂ ಇಲ್ಲದೆ, ತಾರಸಿಯಲ್ಲಲ್ಲ, ನೆಲದ ಮೇಲೆ, ಹಾಡಹಗಲಲ್ಲಿ.

ಕಂಡಕ್ಟರ್ ನಮ್ಮ ಸೀಟಿನ ಹತ್ತಿರ ಬಂದು ನಿಂತು ಕಾದರು, ಚೀಲ ಅಲ್ಲಾಡಿಸಿದರು, ಕೆಮ್ಮಿದರು. ಕೊನೆಗೆ ಹೇಳಿದರು:

“ಸಾರ್, ಟಿಕೆಟ್ ತಗೊಂಡು ಮಾತಾಡಿ.”